ಮಗನು ಕೇಳಿದರೆ ಏನು ಹೇಳುವಿರಿ?

(ಆಧಾರ ವಾಕ್ಯ: ಧರ್ಮೋಪದೇಶಕಾಂಡ 6ನೆಯ ಅಧ್ಯಾಯ, 20ರಿಂದ 25ರ ವರೆಗಿನ ವಚನಗಳು)



ಕಳೆದ ಸುಗ್ಗಿಯ ಸ್ತೋತ್ರಾರಾಧನೆಗೆ ನಾವು ಒಂದು ಹಳ್ಳಿಯ ಸಭೆಗೆ ಹೋಗಿದ್ದೆವು. ರಾತ್ರಿ ಸಭಾ ಹಿರಿಯರೊಬ್ಬರ ಮನೆಯಲ್ಲಿ ಊಟಮಾಡಿ, ಕುಟುಂಬ ಪ್ರಾರ್ಥನೆಯನ್ನು ಮುಗಿಸಿ ಕೂತಿರುವಾಗ, ಒಂಭತ್ತನೆಯ ತರಗತಿಯಲ್ಲಿ ಓದುವ ಅವರ ಮಗನು ಸಮಾಜ ವಿಜ್ಞಾನದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, "ಅಪ್ಪಾ, ನಾವು ಮೊದಲು ಯಾರಾಗಿದ್ದೆವು?" ಎಂದು ಕೇಳಿದನು. ನಿಮ್ಮದು ಹೊರದೇಶದ ಮತ, ನೀವು ಈ ದೇಶದವರಲ್ಲ ಎಂದು ಶಾಲೆಯಲ್ಲಿ ಜೊತೆಯ ಹುಡುಗನೊಬ್ಬನು ಅವನಿಗೆ ಹೇಳಿದ್ದನಂತೆ. ತಂದೆಯವರು ಒಂದು ಕ್ಷಣ ನಮ್ಮ ಮುಖವನ್ನು ನೋಡಿ, "ಅದೆಲ್ಲ ನಿನಗೆ ಯಾಕೆ? ಪಾಠ ಓದು" ಎಂದು ಗದರಿಸಿದರು. ಒಲೆಯ ಬಳಿಯಲ್ಲಿ ಕೂತಿದ್ದ ಅಜ್ಜಿಯು, "ನಾನು ಹೇಳತೇನೆ ಬಾ ಮಗಾ, ಆ ಗೌಡರ ಬಾವಿಯ ಹತ್ತಿರ..." ಎಂದು ಬಾಯಿ ತೆರೆದಳು. ಅಷ್ಟರಲ್ಲೇ ಆಕೆಯ ಮಗನು, "ಅವ್ವಾ, ಸುಮ್ಮನಿರು. ಅಯ್ಯನವರ ಮುಂದೆ ಆ ಮಾತು ಬೇಡ" ಎಂದು ತಡೆದುಬಿಟ್ಟರು. ಹುಡುಗನು ಪುಸ್ತಕವನ್ನು ಮುಚ್ಚಿ ಹೊರಗೆ ಹೋದನು. ನಾವೂ ಆ ಹೊತ್ತಿನಲ್ಲಿ ಏನೂ ಹೇಳಲಿಲ್ಲ. ಅದು ನಮ್ಮ ತಪ್ಪು. ದಾರಿಯುದ್ದಕ್ಕೂ ಅದು ನಮ್ಮ ಮನಸ್ಸನ್ನು ಚುಚ್ಚಿದ ಕಾರಣ ಈ ಪ್ರಸಂಗವನ್ನು ಬರೆಯುತ್ತಿದ್ದೇವೆ.

ಮುಂದೊಂದು ಕಾಲದಲ್ಲಿ ಮಕ್ಕಳು ಕೇಳೇ ಕೇಳುವರೆಂಬದನ್ನು ಮೋಶೆಯು ಮುಂಚೆಯೇ ತಿಳಿದಿದ್ದನು. ಕೇಳುವ ಮಗನನ್ನು ಗದರಿಸಬೇಕೆಂದು ಅವನು ವಿಧಿಸಲಿಲ್ಲ, ಯಾಜಕನ ಬಳಿಗೆ ಕಳುಹಿಸಬೇಕೆಂದೂ ವಿಧಿಸಲಿಲ್ಲ. ತಂದೆಯೇ ಉತ್ತರ ಕೊಡತಕ್ಕದ್ದು. ಆ ಉತ್ತರದ ಕ್ರಮವನ್ನು ಗಮನಿಸಿರಿ. ಮಗನು ಕೇಳಿದ್ದು ಆಜ್ಞಾವಿಧಿಗಳ ಅರ್ಥವನ್ನು, ಆದರೆ ತಂದೆಯು ಮೊದಲು ಹೇಳುವದು ದಾಸತ್ವದ ಸಂಗತಿಯನ್ನು. ತಾವು ಐಗುಪ್ತದಲ್ಲಿ ಫರೋಹನಿಗೆ ದಾಸರಾಗಿದ್ದದ್ದು ಮೊದಲು, ಯೆಹೋವನು ತಮ್ಮನ್ನು ಬಿಡಿಸಿ ಹೊರತಂದದ್ದು ಎರಡನೆಯದು, ದೇಶವೂ ಆಜ್ಞೆಗಳೂ ಅದರ ತರುವಾಯ. ಲೋಕದ ಜನಾಂಗಗಳು ತಮ್ಮನ್ನು ಸೂರ್ಯನ ಸಂತತಿಯವರೆಂದೂ ಅರಸರ ಸಂತತಿಯವರೆಂದೂ ಹೊಗಳಿಕೊಳ್ಳುತ್ತಿರುವಾಗ, ಈ ಒಂದು ಜನಾಂಗವು ಮಾತ್ರ ತನ್ನ ಮಕ್ಕಳಿಗೆ, ನಾವು ಹೆರವರ ಊರಿನಲ್ಲಿ ಇಟ್ಟಿಗೆ ಮಾಡುವ ಆಳುಗಳಾಗಿದ್ದೆವು ಎಂಬದನ್ನು ಮೊದಲನೆಯ ಪಾಠವಾಗಿ ಕಲಿಸಿತು. ಅದನ್ನು ಹೇಳುವದಕ್ಕೆ ಅವರು ನಾಚಲಿಲ್ಲ. ದಾಸತ್ವವನ್ನು ಮುಚ್ಚಿಟ್ಟರೆ ಬಿಡುಗಡೆಯ ಮಾತಿಗೆ ಅರ್ಥವೇ ಉಳಿಯಲಾರದು.

ನಾವೋ ಮುಚ್ಚಿಡುತ್ತೇವೆ. ಇದನ್ನು ದೂಷಣೆಯಾಗಿ ಹೇಳುತ್ತಿಲ್ಲ, ಯಾಕಂದರೆ ತಂದೆತಾಯಿಗಳು ಪ್ರೀತಿಯಿಂದಲೇ ಮುಚ್ಚಿಡುತ್ತಾರೆ. ನಾವು ಉಂಡ ಕಹಿಯನ್ನು ನಮ್ಮ ಮಕ್ಕಳು ನಾಲಿಗೆಯ ಮೇಲೂ ಇಡಬಾರದು ಎಂಬದು ಅವರ ಮನಸ್ಸು. ಆದಾಗ್ಯೂ ಮಗುವು ಅರ್ಧ ಮಾತನ್ನು ಎಲ್ಲಿಯಾದರೂ ಕೇಳಿಯೇ ಕೇಳುತ್ತದೆ. ತಂದೆಯ ಬಾಯಿಂದ ಪ್ರೀತಿಯೊಂದಿಗೆ ಕೇಳದೇ ಹೋದದ್ದನ್ನು ಬೈಗುಳವಾಗಿ ಬೀದಿಯಲ್ಲಿ ಕೇಳುತ್ತದೆ, ಇಲ್ಲವೆ ಮೊಬೈಲಿನಲ್ಲಿ ಬರುವ ಸುಳ್ಳಿನೊಂದಿಗೆ ಬೆರೆಸಿ ಕೇಳುತ್ತದೆ. ಹರೆಯದ ಮಕ್ಕಳ ಮನಸ್ಸು ಹದಮಾಡಿದ ಹೊಲದ ಹಾಗಿರುವದು. ನಾವು ಬಿತ್ತದಿದ್ದರೆ ಅದು ಬೀಳು ಬೀಳುವದಿಲ್ಲ, ಬೇರೆಯವರು ಬಿತ್ತುತ್ತಾರೆ.

ಹಾಗಾದರೆ ಏನನ್ನು ಹೇಳಬೇಕು? ಮೊದಲು ಬಾವಿಯ ಸಂಗತಿಯನ್ನು ಹೇಳಿರಿ. ಈ ದೇಶದಲ್ಲಿ ಕೆಲವರಿಗೆ ಊರ ಬಾವಿಯಲ್ಲಿ ಸೇದುವ ಹಕ್ಕು ಇರಲಿಲ್ಲ, ಕೆಲವು ಬೀದಿಗಳಲ್ಲಿ ಕೆರ ಮೆಟ್ಟಿ ನಡೆಯುವ ಹಾಗಿರಲಿಲ್ಲ, ಶಾಲೆಯಲ್ಲಿ ಒಳಗೆ ಕೂಡ್ರುವ ಹಾಗಿರಲಿಲ್ಲ. ನಮ್ಮಲ್ಲಿ ಅನೇಕರ ಹಿರಿಯರು ಆ ಜನರಾಗಿದ್ದರು. 1927ರಲ್ಲಿ ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರನ್ನು ಕೂಡಿಕೊಂಡು ಮಹಾಡ ಎಂಬ ಊರಿನ ಚವದಾರ ಕೆರೆಗೆ ಹೋಗಿ ಅಲ್ಲಿಯ ನೀರನ್ನು ಕುಡಿದರು. ಒಂದು ಬೊಗಸೆ ನೀರಿಗಾಗಿ ಅಷ್ಟು ಜನರು ನಡೆದುಹೋಗಬೇಕಾಯಿತು. ಅದೇ ಮನುಷ್ಯರು ಇಪ್ಪತ್ತು ವರುಷಗಳ ಮೇಲೆ, 1947ರಲ್ಲಿ, ನಮ್ಮ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದರು. ಆ ಸಂವಿಧಾನವು 1949ನೆಯ ನವೆಂಬರ್ 26ರಂದು ಅಂಗೀಕಾರವಾಗಿ 1950ನೆಯ ಜನವರಿ 26ರಿಂದ ನಡೆಯಲಾರಂಭಿಸಿತು. ಅದರ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಅದನ್ನು ಆಚರಿಸುವವರಿಗೆ ಶಿಕ್ಷೆ ಕೊಡುವ ಕಾಯಿದೆಯು 1955ರಲ್ಲಿ ಬಂದಿತು. ಇವೆಲ್ಲ ಬಂದ ಮೇಲೂ ಎಷ್ಟೋ ಹಳ್ಳಿಗಳಲ್ಲಿ ಬಾವಿಯ ಹಗ್ಗವು ನಮ್ಮವರ ಕೈಗೆ ಬರಲಿಲ್ಲ. ಮಕ್ಕಳಿಗೆ ಅದನ್ನೂ ಹೇಳಬೇಕು. ನಮ್ಮ ದೇಶವು ಪೂರ್ವದಿಂದಲೂ ನಿರ್ದೋಷವಾಗಿತ್ತೆಂದು ಹೇಳುವವನೂ, ನಮ್ಮ ದೇಶದಲ್ಲಿ ಒಳ್ಳೆಯದೇನೂ ಇಲ್ಲವೆಂದು ಹೇಳುವವನೂ ಮಗುವಿಗೆ ಸುಳ್ಳನ್ನೇ ಕಲಿಸುತ್ತಾರೆ.

ಹಾಗೆ ಹೇಳುವಾಗ ಹಗೆಯನ್ನು ಬಿತ್ತಬಾರದು. ಬಾವಿಯನ್ನು ಕಾಯ್ದವರ ಮೊಮ್ಮಗನು ಇಂದು ನಮ್ಮ ಮೊಮ್ಮಗನೊಂದಿಗೆ ಒಂದೇ ಬೆಂಚಿನ ಮೇಲೆ ಕೂತಿದ್ದಾನೆ. ಅಜ್ಜನ ತಪ್ಪಿಗೆ ಅವನನ್ನು ಹೊಣೆಮಾಡುವದು ನ್ಯಾಯವಲ್ಲ. ಮತ್ತು ಹೆರವರ ಪಾಪವನ್ನು ಎಣಿಸುವ ಮೊದಲು ನಮ್ಮ ಮನೆಯದನ್ನು ಎಣಿಸೋಣ. ಕ್ರಿಸ್ತನಲ್ಲಿ ಭೇದವಿಲ್ಲವೆಂದು ಆದಿತ್ಯವಾರ ಸಾರುವ ನಾವು, ಮದುವೆಯ ಮಾತು ಬಂದಾಗ ಯಾವ ಮನೆತನದಿಂದ ಸಭೆಗೆ ಬಂದವರೆಂದು ವಿಚಾರಿಸುವದಿಲ್ಲವೋ? ಕೆಲವು ಸಭೆಗಳಲ್ಲಿ ಕೂಡ್ರುವ ಸ್ಥಳವೂ ಸಮಾಧಿಯ ಸ್ಥಳವೂ ಬೇರೆಬೇರೆಯಾಗಿದ್ದ ಕಾಲವಿತ್ತು. ದೊಡ್ಡವರು ಇದನ್ನು ಮರೆತಂತೆ ನಟಿಸುತ್ತಾರೆ. ಹದಿನೈದು ವರುಷದ ಹುಡುಗಿಯು ಇದನ್ನು ಮೊದಲು ಕಾಣುತ್ತಾಳೆ, ಮತ್ತು ನಮ್ಮ ಬೋಧನೆಯನ್ನು ನಂಬುವದನ್ನು ಬಿಡುತ್ತಾಳೆ.

ಇನ್ನು ಆ ಹುಡುಗನನ್ನು ಅಳಿಸಿದ ಮಾತಿಗೆ ಬರೋಣ, ಅಂದರೆ ನಾವು ಈ ದೇಶದವರಲ್ಲ ಎಂಬ ಮಾತಿಗೆ. ಕೇರಳದ ಕೊಲ್ಲಂ ಎಂಬ ಊರಿನ ಒಂದು ಕ್ರೈಸ್ತ ದೇವಾಲಯಕ್ಕೆ ಕ್ರಿಸ್ತಶಕ 849ರಲ್ಲಿ ಬರೆದುಕೊಟ್ಟ ತಾಮ್ರಶಾಸನವು ಇಂದಿಗೂ ಇದೆ. ಆಗ ನಾರ್ವೆ ಮೊದಲಾದ ಯೂರೋಪಿನ ಎಷ್ಟೋ ನಾಡುಗಳು ಯೇಸುವಿನ ಹೆಸರನ್ನು ಇನ್ನೂ ಸ್ವೀಕರಿಸಿರಲಿಲ್ಲ. ಯೇಸು ಸ್ವಾಮಿಯಾದರೂ ಯೂರೋಪಿನಲ್ಲಿ ಹುಟ್ಟಿದವನಲ್ಲ, ನಮ್ಮ ಏಷ್ಯಾ ಖಂಡದವನೇ. ನಮ್ಮ ಕನ್ನಡ ಸೀಮೆಗೆ ಸುವಾರ್ತೆಯನ್ನು ತಂದ ಮಿಶನರಿಗಳು ಹೊರದೇಶದವರು ನಿಜ, ಅನ್ಯರ ಆಳಿಕೆಯ ಕಾಲದಲ್ಲಿ ಬಂದದ್ದೂ ನಿಜ. ಅವರಲ್ಲಿ ನಮ್ಮ ಜನರನ್ನು ಕೀಳಾಗಿ ಕಂಡವರೂ ಇದ್ದರು, ಅದನ್ನು ಮರೆಮಾಡುವದು ಬೇಡ. ಆದರೆ ಮಂಗಳೂರಿನಲ್ಲಿ 1843ರಲ್ಲಿ ಮೊದಲನೆಯ ಕನ್ನಡ ವರ್ತಮಾನಪತ್ರವಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗ್ ಅಯ್ಯನವರನ್ನೂ, ಜೀವಮಾನದ ಬಹುಭಾಗವನ್ನು ಸವೆಯಿಸಿ 1894ರಲ್ಲಿ ಕನ್ನಡದ ದೊಡ್ಡ ನಿಘಂಟನ್ನು ಕೊಟ್ಟ ಕಿಟ್ಟೆಲ್ ಅಯ್ಯನವರನ್ನೂ ಕನ್ನಡಿಗರೆಲ್ಲರೂ ಕೃತಜ್ಞತೆಯಿಂದ ನೆನಸುತ್ತಾರೆ.

ನಮ್ಮ ಮಕ್ಕಳಿಗೆ ಇವರ ಹೆಸರುಗಳು ಸ್ವಲ್ಪವಾದರೂ ತಿಳಿದಿವೆ. ನಮ್ಮವರೇ ಆದ ಉತ್ತಂಗಿ ಚನ್ನಪ್ಪನವರ ಹೆಸರು ಎಷ್ಟು ಮಕ್ಕಳಿಗೆ ತಿಳಿದಿದೆ? 1881ರಲ್ಲಿ ಹುಟ್ಟಿ, ಬಾಸೆಲ್ ಮಿಶನ್ ಸಭೆಗಳಲ್ಲಿ ಬೋಧಕರಾಗಿ ಸೇವೆಮಾಡಿದ ಈ ಕ್ರೈಸ್ತ ಕನ್ನಡಿಗರು, ಚದರಿಹೋಗಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚುಹಾಕಿಸಿದರು. ಬಸವಣ್ಣನವರ ಮತ್ತು ಶರಣರ ವಿಷಯವಾಗಿಯೂ ಆಳವಾಗಿ ಬರೆದರು. 1949ರಲ್ಲಿ ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನವು ಅವರನ್ನೇ ಅಧ್ಯಕ್ಷರನ್ನಾಗಿ ಕೂಡ್ರಿಸಿತು. ಅವರು ಕ್ರಿಸ್ತನನ್ನು ಬಿಡಲಿಲ್ಲ, ಕನ್ನಡವನ್ನೂ ಬಿಡಲಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳೆಂದು ಕೇಳುವವರಿಗೆ ಅವರ ಬಾಳೇ ಉತ್ತರವಾಗಿದೆ. ನಿಮ್ಮ ಮಗಳು ಶಾಲೆಯಲ್ಲಿ ಸರ್ವಜ್ಞನ ತ್ರಿಪದಿಯನ್ನು ಬಾಯಿಪಾಠ ಮಾಡುವಾಗ ಈ ಸಂಗತಿಯನ್ನು ಅವಳಿಗೆ ಹೇಳಿರಿ. ಅವಳು ಎಷ್ಟು ನೆಟ್ಟಗೆ ನಿಂತು ಹೇಳುವಳೆಂಬದನ್ನು ನೀವೇ ನೋಡುವಿರಿ.

ಇಲ್ಲಿ ಭಕ್ತರಾದ ಕೆಲವರು ಒಂದು ಆಕ್ಷೇಪಣೆಯನ್ನು ತರುತ್ತಾರೆ. ನಮ್ಮ ಪೌರತ್ವವು ಪರಲೋಕದಲ್ಲಿ ಇದೆಯೆಂದು ಪೌಲನು ಫಿಲಿಪ್ಪಿಯವರಿಗೆ ಬರೆದಿರುವನಲ್ಲಾ (3:20), ಹಾಗಾದರೆ ಈ ಲೋಕದ ದೇಶ, ರಾಜ್ಯ, ಮತದಾನ ಇವುಗಳ ಗೊಡವೆಯು ನಮ್ಮ ಯೌವನಸ್ಥರಿಗೆ ಯಾಕೆ ಎಂದು ಕೇಳುತ್ತಾರೆ. ಪ್ರಿಯರೇ, ಆ ಮಾತು ಯಾವ ಊರಿನವರಿಗೆ ಬರೆಯಲ್ಪಟ್ಟಿತೆಂದು ನೋಡಿರಿ. ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯದಲ್ಲಿ ಅದೇ ಫಿಲಿಪ್ಪಿಯಲ್ಲಿ ಪೌಲ ಸೀಲರನ್ನು ವಿಚಾರಣೆಯಿಲ್ಲದೆ ಹೊಡಿಸಿ ಸೆರೆಮನೆಯಲ್ಲಿ ಹಾಕಿದರು. ಬೆಳಗಾದ ಮೇಲೆ ಅಧಿಕಾರಿಗಳು, ಗುಟ್ಟಾಗಿ ಹೊರಟುಹೋಗಲಿ ಎಂದು ಹೇಳಿಕಳುಹಿಸಿದರು. ಪೌಲನು ಹೋದನೋ? ಹೋಗಲಿಲ್ಲ. ತಾನು ರೋಮಾಪುರದ ಹಕ್ಕುಳ್ಳವನೆಂದೂ, ಹೊಡಿಸಿದವರೇ ಬಂದು ತಮ್ಮನ್ನು ಹೊರಗೆ ಕರೆದುಕೊಂಡು ಹೋಗಬೇಕೆಂದೂ ಹಟಹಿಡಿದನು, ಅವರು ಬಂದು ಬೇಡಿಕೊಳ್ಳಬೇಕಾಯಿತು. ಪರಲೋಕದ ಪೌರತ್ವದ ಮಾತನ್ನು ಆ ಸಭೆಯವರು ಈ ಮನುಷ್ಯನಿಂದಲೇ ಕೇಳಿದರು. ಯೆರೂಸಲೇಮಿನಲ್ಲಿ ಹಿಡಿಯಲ್ಪಟ್ಟಾಗಲೂ ಅವನು ತನ್ನ ತಾರ್ಸ ಪಟ್ಟಣವು ಹೆಸರಿಲ್ಲದ ಊರಲ್ಲವೆಂದು ಅಭಿಮಾನದಿಂದ ಹೇಳಿದನು. ಕೀಳು ನ್ಯಾಯಸ್ಥಾನದಲ್ಲಿ ನ್ಯಾಯ ಸಿಗದೆಂದು ಕಂಡಾಗ ಕೈಸರನಿಗೆ ಮನವಿಮಾಡಿಕೊಂಡನು. ಪರಲೋಕದ ಹಾದಿಯಲ್ಲಿ ಇದ್ದವನಿಗೆ ತನ್ನ ಊರೂ ತನ್ನ ಹಕ್ಕೂ ಭಾರವಾಗಲಿಲ್ಲ. ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯನು ಬರೆದ ಪತ್ರವನ್ನೂ ಓದಿರಿ (29ನೆಯ ಅಧ್ಯಾಯ). ಪರಸ್ಥಳದಲ್ಲಿ ಸೆರೆಯಾಗಿದ್ದವರಿಗೇ ಆ ಪಟ್ಟಣದ ಕ್ಷೇಮವನ್ನು ಹುಡುಕಬೇಕೆಂದು ಅಪ್ಪಣೆಯಾಗಿದ್ದರೆ, ಸ್ವಂತ ಮಣ್ಣಿನಲ್ಲಿ ಹುಟ್ಟಿ, ಅದೇ ಮಣ್ಣಿನ ಜೋಳವನ್ನು ಉಂಡು ಬೆಳೆದ ನಮಗೆ ಆ ಅಪ್ಪಣೆಯು ಎಷ್ಟು ಹೆಚ್ಚಾಗಿ ಸಲ್ಲುವದು!

ನಮ್ಮ ದೇಶದ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಕ್ರೈಸ್ತರೂ ಕೂತಿದ್ದರೆಂಬದು ಹಳ್ಳಿಯ ಸಭೆಗಳಲ್ಲಿ ತಿಳಿಯದ ಸಂಗತಿ. ಬಂಗಾಳದ ಕ್ರೈಸ್ತರಾದ ಹರೇಂದ್ರಕುಮಾರ ಮುಖರ್ಜಿಯವರು ಆ ಸಭೆಯ ಉಪಾಧ್ಯಕ್ಷರಾಗಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಕಥೋಲಿಕ ಪಾದ್ರಿ ಜೆರೋಮ್ ಡಿಸೋಜರೂ ಸದಸ್ಯರಾಗಿದ್ದರು. ರಾಜಕುಮಾರಿ ಅಮೃತ ಕೌರರೂ ಸದಸ್ಯರಾಗಿದ್ದರು. ಅವರು 1947ರಿಂದ 1957ರ ವರೆಗೆ ಭಾರತದ ಮೊದಲನೆಯ ಆರೋಗ್ಯ ಮಂತ್ರಿಗಳಾಗಿದ್ದು, 1950ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಗೆ ಅಧ್ಯಕ್ಷತೆ ವಹಿಸಿದರು. ಶಾಸನಸಭೆಗಳಲ್ಲಿ ಧರ್ಮದ ಆಧಾರದ ಮೇಲೆ ಮೀಸಲು ಸ್ಥಾನಗಳು ಇರಬೇಕೋ ಎಂಬ ಪ್ರಶ್ನೆ 1949ರಲ್ಲಿ ಬಂದಾಗ, ಮುಖರ್ಜಿಯವರು ಅವು ಬೇಡವೆಂಬ ಪಕ್ಷದಲ್ಲಿ ನಿಂತರು. ನೆರೆಯವರ ಮೇಲೆ ಭರವಸವಿಟ್ಟು ತಾವಾಗಿಯೇ ಬಿಟ್ಟುಕೊಟ್ಟದ್ದು ಅದು. 25ನೆಯ ವಿಧಿಯು ಪ್ರತಿಯೊಬ್ಬನಿಗೂ ತನ್ನ ನಂಬಿಕೆಯನ್ನು ಅನುಸರಿಸುವ ಮತ್ತು ಪ್ರಸಾರಮಾಡುವ ಸ್ವಾತಂತ್ರ್ಯವನ್ನು, ಸಾರ್ವಜನಿಕ ಶಾಂತಿ ಮೊದಲಾದವುಗಳಿಗೆ ಒಳಪಡಿಸಿ, ಕೊಟ್ಟಿದೆ. 2023ರಲ್ಲಿ ಕರ್ನಾಟಕ ಸರಕಾರವು ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸುವ ಏರ್ಪಾಡನ್ನು ಮಾಡಿತು. ಆ ಪೀಠಿಕೆಯಲ್ಲಿ ಮಾತಾಡುವವರು 'ನಾವು' ಎಂದು ಮಾತಾಡುತ್ತಾರೆ. ಆ 'ನಾವು' ಎಂಬದರೊಳಗೆ ತನ್ನ ಅಜ್ಜಿಯೂ ಇದ್ದಾಳೆಂದು ನಿಮ್ಮ ಮಗನಿಗೆ ಯಾರಾದರೂ ಹೇಳಿದ್ದಾರೋ?

ಕಠಿಣವಾದ ಒಂದು ಪ್ರಶ್ನೆಯನ್ನೂ ತಪ್ಪಿಸಕೂಡದು. ವಿದ್ಯಾರ್ಥಿವೇತನಕ್ಕೆ ಅರ್ಜಿ ಬರೆಯುವ ದಿನದಲ್ಲಿ ಮಕ್ಕಳು ಅದನ್ನು ಕೇಳುತ್ತಾರೆ. ಪರಿಶಿಷ್ಟ ಜಾತಿಗಳ ವಿಷಯವಾಗಿ 1950ರಲ್ಲಿ ಹೊರಟ ಆಜ್ಞೆಯು ಹಿಂದೂಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದಕ್ಕೆ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಒಂದೇ ಕೇರಿಯಲ್ಲಿ ಒಂದೇ ಕಷ್ಟವನ್ನು ಉಂಡ ಎರಡು ಮನೆಗಳಿಗೆ ಎರಡು ಲೆಕ್ಕವಾಯಿತು. ಇದು ನ್ಯಾಯವೇ ಎಂದು ಮಗಳು ಕೇಳಿದರೆ, ನಮ್ಮ ಎಣಿಕೆಯಲ್ಲಿ ನ್ಯಾಯವಲ್ಲವೆಂದು ಹೇಳಿರಿ. ಆ ಕಾರಣದಿಂದ ದೇಶವು ಅವಳದಲ್ಲವೆಂದು ಮಾತ್ರ ಹೇಳಬೇಡಿರಿ. ಮನೆಯ ಮಗನು ಪಾಲಿಗಾಗಿ ವಾದಿಸುತ್ತಾನೆ, ಪರದೇಶಿಯು ವಾದಿಸುವದಿಲ್ಲ. ಈ ಪ್ರಶ್ನೆಯನ್ನು ನಮ್ಮವರು ನ್ಯಾಯಸ್ಥಾನದ ವರೆಗೂ ಒಯ್ದಿದ್ದಾರೆ, ಕಾಯಿದೆಯ ಹಾದಿಯಲ್ಲೇ ಒಯ್ದಿದ್ದಾರೆ. ಕೈಸರನಿಗೆ ಮನವಿಮಾಡಿದವನೂ ಅದೇ ಹಾದಿಯಲ್ಲಿ ಹೋದನು. ಹಾಗೆಯೇ ವೇತನ ಸಿಗಲೆಂದು ನಂಬಿಕೆಯನ್ನು ಕಾಗದದ ಮೇಲೆ ಮರೆಮಾಡುವದನ್ನು ಮಕ್ಕಳ ಕಣ್ಣೆದುರಿಗೆ ಮಾಡಬೇಡಿರಿ. ಇದು ಬಡವನಿಗೆ ಎಷ್ಟು ಭಾರವಾದ ಮಾತೆಂಬದನ್ನು ಬಲ್ಲೆವು, ಬಲ್ಲವರಾಗಿಯೇ ಬರೆಯುತ್ತೇವೆ.

ದೇಶವೆಂದ ಮೇಲೆ ಲೋಕದಲ್ಲಿ ಅದರ ಕೆಲಸವೇನೆಂಬದನ್ನೂ ಹೇಳಬೇಕಲ್ಲವೇ? ಹರೆಯದವರು ಕೇಳುವದು ಸಾಮಾನ್ಯವಾಗಿ ಯಾರು ದೊಡ್ಡವರು, ಯಾರ ಬಳಿ ಬಾಂಬು ಹೆಚ್ಚು ಎಂಬದನ್ನು. ಶಿಷ್ಯರೂ ಯೇಸು ಸ್ವಾಮಿಯ ಮುಂದೆ ಇದೇ ವಾದವನ್ನು ಮಾಡಿದರು. ಅವರಿಗೆ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರ ಸಂಗತಿಯನ್ನು ಹೇಳಿರಿ. ಕೊರಿಯ ದೇಶದ ಯುದ್ಧವು 1953ರಲ್ಲಿ ನಿಂತಾಗ, ತಮ್ಮ ದೇಶಕ್ಕೆ ತಿರಿಗಿ ಹೋಗಲಾರೆವೆಂದ ಸಾವಿರಾರು ಸೆರೆಯಾಳುಗಳ ಗತಿಯೇನೆಂಬದು ಮುಗಿಯದ ಜಗಳವಾಯಿತು. ಎರಡು ಕಡೆಯವರಿಗೂ ಒಪ್ಪಿಗೆಯಾಗುವ ಕಾವಲುಗಾರರು ಬೇಕಾದಾಗ ಭಾರತದ ಸೈನಿಕರು ಹೋದರು, ಮತ್ತು ಆ ಸಂಬಂಧದ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಗೆಲ್ಲುವದಕ್ಕಾಗಿ ಅಲ್ಲ, ಬಡಿದಾಡುವ ಇಬ್ಬರ ನಡುವೆ ನಿಲ್ಲುವದಕ್ಕಾಗಿ ಹೋದ ಸೈನ್ಯವದು. ತರುವಾಯ ಅವರು ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದು 1965ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ದ್ವೀಪವು ಪೌಲ ಬಾರ್ನಬರು ಮೊದಲು ಕಾಲಿಟ್ಟ ಕುಪ್ರವೇ ಆಗಿದೆ. ಹೆಣ್ಣುಮಕ್ಕಳಿಗೆ, 2007ರಲ್ಲಿ ಆಫ್ರಿಕದ ಲೈಬೀರಿಯಕ್ಕೆ ಹೋದ ಭಾರತದ ಮಹಿಳಾ ಪೊಲೀಸ್ ದಳದ ಸಂಗತಿಯನ್ನು ಹೇಳಿರಿ. ಹೆಂಗಸರೇ ತುಂಬಿದ್ದ ಅಂಥ ದಳವನ್ನು ವಿಶ್ವಸಂಸ್ಥೆಯು ಅದಕ್ಕೆ ಮೊದಲು ಎಲ್ಲಿಯೂ ಕಂಡಿರಲಿಲ್ಲ.

ಕೊಟ್ಟದ್ದನ್ನು ಹೇಳುವಾಗ ತೆಗೆದುಕೊಂಡದ್ದನ್ನೂ ಹೇಳಿರಿ. 1965-66ರ ಬರಗಾಲದಲ್ಲಿ ಅಮೆರಿಕದಿಂದ ಹಡಗು ಹಡಗಾಗಿ ಗೋದಿಯು ಬಂದದ್ದನ್ನು ಹಿರಿಯರು ಬಲ್ಲರು. ಗೋದಿಗಾಗಿ, ಹಾಲಿನ ಪುಡಿಗಾಗಿ ಮತ ಬಿಟ್ಟವರೆಂದು ನಮ್ಮನ್ನು ಹಂಗಿಸುವದುಂಟು. ಆ ಗೋದಿಯನ್ನು ತಿಂದವರು ಕ್ರೈಸ್ತರು ಮಾತ್ರವೋ? ಇಡೀ ದೇಶವೇ ತಿಂದಿತು, ತಿಂದು ಬದುಕಿತು. ಬದುಕಿದ ಆ ದೇಶದ ರೈತರು ಮುಂದೆ ಕಣಜಗಳನ್ನು ತುಂಬಿಸಿದರು, ಮತ್ತು ಇಂದು ಭಾರತವು ಲೋಕಕ್ಕೆ ಅತಿ ಹೆಚ್ಚು ಅಕ್ಕಿಯನ್ನು ಕಳುಹಿಸುವ ದೇಶವಾಗಿದೆ. ಹಸಿದಾಗ ಕೈಯೊಡ್ಡಿದ್ದನ್ನು ನೆನಸುವ ದೇಶವು ಹಸಿದವನನ್ನು ಕೀಳಾಗಿ ಕಾಣುವದಿಲ್ಲ. ಇಸ್ರಾಯೇಲ್ಯರಿಗೂ ಪರದೇಶಿಯನ್ನು ಪ್ರೀತಿಸಬೇಕೆಂಬ ಆಜ್ಞೆ ಬಂದದ್ದು ಇದೇ ಕಾರಣದಿಂದ, ಅವರೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದರು.

ಇವುಗಳನ್ನು ಕಲಿಸುವದಕ್ಕೆ ದೊಡ್ಡ ಏರ್ಪಾಡೇನೂ ಬೇಡ. ಆದಿತ್ಯವಾರದ ಶಾಲೆಯ ದೊಡ್ಡ ತರಗತಿಯವರಿಗೆ ತಿಂಗಳಿಗೆ ಒಂದು ಸಾರಿ ಅರ್ಧ ತಾಸು ಸಾಕು. ಹದಿನೆಂಟು ತುಂಬಿದವರನ್ನು ಮತದಾರರ ಪಟ್ಟಿಯಲ್ಲಿ ಸೇರಿಸಿರಿ, ಮತವನ್ನು ಹಣಕ್ಕೆ ಮಾರದಂತೆ ದೊಡ್ಡವರೇ ಮೊದಲು ಮಾಡಿತೋರಿಸಿರಿ. ಗ್ರಾಮಸಭೆ ಕೂಡುವ ದಿನ ಮಕ್ಕಳನ್ನು ಕರೆದುಕೊಂಡು ಹೋಗಿರಿ. ತಿಮೊಥೆಯನಿಗೆ ನಂಬಿಕೆಯು ಅಜ್ಜಿಯಾದ ಲೋವಿಯಿಂದ ಬಂದಿತಷ್ಟೆ. ಓದು ಬಾರದ ಅಜ್ಜಿಯೂ ಈ ಶಾಲೆಗೆ ಉಪಾಧ್ಯಾಯಳಾಗಬಲ್ಲಳು.

ಎರಡು ತಿಂಗಳ ಮೇಲೆ ಕರ್ತನ ಭೋಜನದ ಆರಾಧನೆಗಾಗಿ ನಾವು ಪುನಃ ಆ ಹಳ್ಳಿಗೆ ಹೋದೆವು. ಅದೇ ಮನೆಯಲ್ಲಿ ಊಟವಾದ ಮೇಲೆ, ಅಂದಿನ ನಮ್ಮ ಮೌನಕ್ಕೆ ಹುಡುಗನ ಮುಂದೆಯೇ ಕ್ಷಮೆ ಕೇಳಿ, ತಂದೆಯವರ ಅಪ್ಪಣೆಯನ್ನು ಪಡೆದು, ಅಜ್ಜಿಯು ಹೇಳಬೇಕೆಂದಿದ್ದದ್ದನ್ನು ಹೇಳಲೆಂದು ಬೇಡಿಕೊಂಡೆವು. ಆಕೆಯು ಬಹಳ ಹೊತ್ತು ಹೇಳಿದಳು. ಹುಡುಗಿಯಾಗಿದ್ದಾಗ ಕೊಡವನ್ನು ದೂರ ಇಟ್ಟು ಬಿಸಿಲಲ್ಲಿ ಕಾಯುತ್ತಿದ್ದದ್ದನ್ನು, ಯಾರಾದರೂ ಮನಸ್ಸುಮಾಡಿ ಮೇಲಿಂದ ಸುರಿದರೆ ಅರ್ಧ ನೀರು ನೆಲಕ್ಕೆ ಹೋಗುತ್ತಿದ್ದದ್ದನ್ನು, ದೊಡ್ಡ ಮನೆಯ ಸೊಸೆಯೊಬ್ಬಳು ಮಾತ್ರ ಒಂದು ಮಾತೂ ಆಡದೆ ಬಗ್ಗಿ, ಒಂದು ಹನಿಯೂ ಚೆಲ್ಲದಂತೆ ದಿನಾಲು ತುಂಬಿಸಿಕೊಡುತ್ತಿದ್ದದ್ದನ್ನು ಹೇಳಿದಳು. ಆ ಸೊಸೆಯ ಹೆಸರು ಆಕೆಗೆ ಈಗಲೂ ನೆನಪಿತ್ತು. ತಂದೆಯವರು ತಲೆಬಗ್ಗಿಸಿ ಕೇಳುತ್ತಿದ್ದರು, ಅವರೂ ಇದನ್ನು ಪೂರ್ತಿಯಾಗಿ ಕೇಳಿದ್ದು ಅದೇ ಮೊದಲಂತೆ. ಹುಡುಗನು ಒಂದೇ ಪ್ರಶ್ನೆಯನ್ನು ಕೇಳಿದನು: "ಅಜ್ಜೀ, ಆ ಬಾವಿ ಈಗ ಎಲ್ಲಿದೆ?"

ಮರುದಿನ ಬೆಳಿಗ್ಗೆ ಆರಾಧನೆಗೆ ಮುಂಚೆ ನಾವೆಲ್ಲರೂ ಹೋಗಿ ನೋಡಿದೆವು. ಊರಿಗೆ ನಲ್ಲಿಯ ನೀರು ಬಂದ ಮೇಲೆ ಅದನ್ನು ಯಾರೂ ಬಳಸುತ್ತಿಲ್ಲ. ಕಟ್ಟೆಯು ಒಂದು ಕಡೆ ಕುಸಿದಿದೆ, ಒಳಗಿನ ಕಲ್ಲುಗಳ ಸಂದಿನಿಂದ ಬೇವಿನ ಸಸಿಯೊಂದು ಎದ್ದಿದೆ. ಅಜ್ಜಿಯು ಕೋಲನ್ನೂರಿಕೊಂಡು ಹತ್ತು ಹೆಜ್ಜೆ ಹಿಂದೆ ಬಂದು, ತಾನು ಕೊಡವನ್ನು ಇಡುತ್ತಿದ್ದ ಕಲ್ಲನ್ನು ಮೊಮ್ಮಗನಿಗೆ ತೋರಿಸಿದಳು.